ಏಳು ನಿಮಿಷದ ಊರು

ಟಿಕೆಟ್ಟಿನಲ್ಲಿ ಎಂಟು ನಿಮಿಷವೆಂದು ಅಚ್ಚಾಗಿತ್ತು.
ಒಂದು ನಿಮಿಷ ಏಳುವುದಕ್ಕೆ, ಇಳಿಯುವುದಕ್ಕೆ;
ಉಳಿದ ಏಳರಲ್ಲಿ ಮಡಿಕೇರಿ ಪೂರಾ.

ದಸರೆಯ ಹತ್ತು ದಿನ, ಮೂರು ವರ್ಷ.
ವಾಯುಸೇನೆಯ ಸಮವಸ್ತ್ರ ಮಡಿಸಿಟ್ಟ ಮೇಲೆ
ಸಿಕ್ಕಿದ ಕೆಲಸ: ಬಾಡಿಗೆ ಹೆಲಿಕಾಪ್ಟರ್,
ಹಿಂದೆ ಮೂವರು, ಪಕ್ಕಕ್ಕೊಬ್ಬರು.
ಹಿಮದ ಗಡಿಗೆ ಸೀಮೆಎಣ್ಣೆ ಹೊತ್ತು ಹಾರಿದವಳು
ಈಗ ತಿರುಗುವ ತೊಟ್ಟಿಲು ಆಡಿಸುತ್ತೀಯಾ ಬೊಳ್ಳವ್ವ
ಎಂದು ನಕ್ಕರು ಜೊತೆಯವರು.
ನಾನೂ ನಕ್ಕೆ, ಮೊದಲ ದಿನ.

"ಮೇಡಂ, ನೀವೇ ಓಡಿಸೋದಾ?"
ಒಂದು ಕಾಲು ಒಳಗಿಟ್ಟು ಕೇಳುತ್ತಿದ್ದರು.
"ಇಲ್ಲ, ಡ್ರೈವರ್ ಟೀ ಕುಡಿಯೋಕೆ ಹೋಗಿದ್ದಾನೆ."
ಒಬ್ಬರಂತೂ ನಂಬಿ, ಕಾಯುತ್ತಾ ಕೂತರು.

ಮೈದಾನದ ಹುಲ್ಲು ಅಂಗಾತ ಮಲಗಿ,
ಕಡಲೆಕಾಯಿ ಪೊಟ್ಟಣಗಳು ನಮಗಿಂತ ಮೊದಲೇ ಹಾರಿ,
ಆಮೇಲೆ ನಾವು.
ಆಕಾಶವಾಣಿ ಗೋಪುರದಿಂದ ದೂರ ಸರಿದು, ಎಡಕ್ಕೆ ವಾಲಿ:
ಕೋಟೆಯೊಳಗೆ ಕಲ್ಲಾನೆ ಎರಡು,
ಆಟ ಮುಗಿದರೂ ಎತ್ತಿಡದ ಚದುರಂಗದ ಕಾಯಿ;
ಗದ್ದಿಗೆಯ ಗುಮ್ಮಟಗಳು ತೊಳೆದು ಕವುಚಿಟ್ಟ ಬಟ್ಟಲು;
ಓಂಕಾರೇಶ್ವರನ ಕೊಳದಲ್ಲಿ ಚೌಕ ಆಕಾಶ,
ಅದನ್ನು ದಾಟುವ ಒಂದು ನೊಣ.
ಅದು ನಾವೇ.

ಮಹದೇವಪೇಟೆಯ ಟೈಲರ್ ಹಂಝ
ಅಂಗಡಿಯ ಮಾಡು ತೋರಿಸಿ ಎಂದ. ತೋರಿಸಿದೆ.
"ಅಲ್ಲಿ! ಆ ಹೆಂಚು! ಎಂಟು ಮಳೆಗಾಲದಿಂದ
ಹುಡುಕ್ತಾ ಇದ್ದೆ ಎಲ್ಲಿ ಸೋರುತ್ತೆ ಅಂತ!"
ಇಳಿದವನೇ ಏಣಿ ಕೇಳಲು ಓಡಿದ.
ಗಾಳಿಬೀಡಿನ ಅಜ್ಜಿ ಮುಚ್ಚಿದ ಕಣ್ಣು ತೆರೆಯಲೇ ಇಲ್ಲ.
ಇಳಿದ ಮೇಲೆ ನನ್ನ ಮೊಣಕೈ ಹಿಡಿದು
"ಹೇಗಿತ್ತು ಮಗಳೇ?" ಎಂದು ನನ್ನನ್ನೇ ಕೇಳಿದಳು.

ಪೋಸ್ಟ್‌ಮ್ಯಾನ್ ಐತಪ್ಪ, ಮೂವತ್ತೊಂದು ವರ್ಷ ಕಾಗದ ಹಂಚಿ
ಆಗತಾನೆ ನಿವೃತ್ತರಾದವರು,
ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ
ಎಲ್ಲ ಬಾಯಿಪಾಠ.
ಮೇಲೆ ಬಂದು ತಬ್ಬಿಬ್ಬು. ಒಂದು ಮನೆಯೂ ಗುರುತು ಸಿಗಲಿಲ್ಲ.
"ಎಲ್ಲ ಬೋರಲು ಮಲಗಿವೆ ಮೇಡಂ, ಮುಖ ಕಾಣ್ತಿಲ್ಲ."
ಪಾಪ ಅನಿಸಿ ಇನ್ನೊಂದು ಸುತ್ತು ಹಾಕಿದೆ.
ಮ್ಯಾನೇಜರ್ ಇಂಧನದ ಲೆಕ್ಕ ಕೇಳಿದಾಗ
ಎದುರುಗಾಳಿ ಎಂದು ಬರೆದೆ.
ಲಾಗ್‌ಬುಕ್ಕಿನಲ್ಲಿ ನನ್ನ ಒಂದೇ ಸುಳ್ಳು ಅದು.

ಈಗ ಎಡಗಿವಿ ಕೇಳುವುದಿಲ್ಲ.
ಲೈಸೆನ್ಸು ಡಾಕ್ಟರ ಮೇಜಿನ ಮೇಲೇ ಮುಗಿಯಿತು.
ತರಕಾರಿ ಚೀಲ ಹಿಡಿದು ಕಾಲೇಜು ರಸ್ತೆ ಹತ್ತುತ್ತೇನೆ;
ಮೇಲಿನಿಂದ ಚಪ್ಪಟೆಯಾಗಿದ್ದ ಊರು
ಎಷ್ಟು ಕಡಿದು ಎಂಬುದು ಮಂಡಿಗೆ ಈಗ ತಿಳಿಯುತ್ತಿದೆ.
ನನಗೆ ಮಾಡುಗಳು ಗೊತ್ತು, ಬಾಗಿಲು ಗೊತ್ತಿಲ್ಲ.
"ನೀಲಿ ಶೀಟಿನ ಪಕ್ಕ, ಟ್ಯಾಂಕಿಗೆ ಕೆಂಪು ಬಟ್ಟೆ ಕಟ್ಟಿದ್ದು"
ಎಂದು ವಿಳಾಸ ಹೇಳಿದರೆ
ಆಟೋದವ ಮೀಟರು ಬಿಟ್ಟು ನನ್ನ ಮುಖ ನೋಡುತ್ತಾನೆ.

ಇಳಿಜಾರಿನ ಸಾಲಿನಲ್ಲಿ ಒಂದು ತಾರಸಿ ಇತ್ತು.
ಒಣಹಾಕಿದ ಬಟ್ಟೆಗಳ ನಡುವೆ ಒಬ್ಬ ಹುಡುಗಿ
ಸ್ಟೀಲ್ ತಟ್ಟೆ ಬಿಸಿಲಿಗೆ ಹಿಡಿದು ಮಿಂಚಿಸುತ್ತಿದ್ದಳು,
ಪ್ರತಿ ಸುತ್ತಿಗೂ.
ನಾನು ದೀಪ ಹೊತ್ತಿಸಿ ಆರಿಸುತ್ತಿದ್ದೆ.
ಅಷ್ಟೇ ಪರಿಚಯ.
ಗುಡ್ಡ ಜಾರಿದ ಆ ಆಗಸ್ಟಿನ ಮೇಲೆ
ಯಾವ ಓಣಿ ಹಿಡಿದರೆ ಆ ತಾರಸಿ,
ಇದ್ದರೆ,
ಎಂದು ಯಾರನ್ನು ಕೇಳುವುದು?

ನಿನ್ನೆ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಐತಪ್ಪನವರು ಸಿಕ್ಕರು.
ಎಂಬತ್ತರ ಹತ್ತಿರ. ಕೇಳಿದೆ.
"ತಟ್ಟೆ ಗೊತ್ತಿಲ್ಲ," ಎಂದರು. "ನಾಯಿ ಇತ್ತಾ?"
ಇತ್ತು. ಬಿಳಿಯದು. ನಮ್ಮ ನೆರಳು ಹಿಡಿಯಲು
ತಾರಸಿಯ ಆ ತುದಿಯಿಂದ ಈ ತುದಿಗೆ ಓಡುತ್ತಿತ್ತು.
"ಕಚ್ಚೋದಾ, ಬೊಗಳೋದಾ?"
ಅಷ್ಟು ಎತ್ತರದಿಂದ ಹೇಗೆ ಹೇಳಲಿ, ಐತಪ್ಪನವರೇ!

ಕೊಡೆ ಊರಿಕೊಂಡು ಎದ್ದರು.
"ಬನ್ನಿ, ಹೋಗಿಯೇ ನೋಡೋಣ."