ಎಂಟುನೂರ ತೊಂಬತ್ತೊಂದು

ಸಿದ್ದಾಪುರದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ
ಬಗ್ಗಿ ನೋಡಿದವಳು ನಾನು.
ಗಾಜಿನ ಮೇಲೆ ಒಂದು ತೊಟ್ಟು ರಕ್ತ, ನೇರಳೆ ಬಣ್ಣ,
ಮಲೇರಿಯಾದ ಉಂಗುರ ಇದೆಯೋ ಇಲ್ಲವೋ.
ನೂರು ಸಲ ಗಾಜು ಸರಿಸಿ ನೋಡದೆ
‘ಕಂಡುಬಂದಿಲ್ಲ’ ಎಂದು ಬರೆಯಕೂಡದು.
‘ಇಲ್ಲ’ ಎಂದಂತೂ ಎಂದೂ ಬರೆಯಕೂಡದು.

ನಿವೃತ್ತಿಯ ದುಡ್ಡಿಗೆ ಬಳೆ ಮಾಡಿಸು ಎಂದಳು ತಂಗಿ.
ಹತ್ತಿಂಚಿನ ಕನ್ನಡಿ ತರಿಸಿದೆ.
ಗೋಣಿಕೊಪ್ಪದ ಹಂಝ ಪ್ಲೈವುಡ್ಡಿನ ಪೆಟ್ಟಿಗೆ ಹೊಡೆದು
‘ಇದರಲ್ಲಿ ಏನು ಸಾಕುತ್ತೀರಿ ಸಿಸ್ಟರೇ?’ ಅಂದ.
ನಾನು ಸಿಸ್ಟರಲ್ಲ, ಹೇಳಿ ಹೇಳಿ ಸಾಕಾಗಿದೆ.

ಜನವರಿಯ ಕಣ. ಟಾರ್ಪಾಲಿನಡಿ ಕಾಫಿಹಣ್ಣಿನ ಹುಳಿವಾಸನೆ.
ಟಾರ್ಚಿಗೆ ಕೆಂಪು ಕಾಗದ, ಫೋನಿಗೂ ಕೆಂಪು ಕಾಗದ.
ಆದರೆ ತೋಡಿನಾಚೆ ಮುದ್ದಯ್ಯನವರ ಕಣದಲ್ಲಿ
ಕಳ್ಳರ ಭಯಕ್ಕೆ ಒಂದು ಎಲ್‌ಇಡಿ,
ರಾತ್ರಿಯಿಡೀ ಸುಳ್ಳು ಬೆಳಗು.
ಕೋಳಿ ಎರಡು ಸಲ ಮೋಸಹೋಗಿ ಕೂಗಿದೆ, ನನ್ನಾಣೆ.
ಕೇಳಿದ್ದಕ್ಕೆ, ‘ನಕ್ಷತ್ರ ಯಾರೂ ಕದಿಯುವುದಿಲ್ಲ ಅಕ್ಕಾ’ ಎಂದರು.
ಈ ವರ್ಷದ ಕಾಫಿ ರೇಟು ನೋಡಿದರೆ
ಜಗಳ ಆಡುವಂತೆಯೂ ಇಲ್ಲ.

ಅದಕ್ಕೆ ಹೆಸರಿಲ್ಲ, ಪಟ್ಟಿಯಲ್ಲೊಂದು ನಂಬರು.
ಅಲ್ಮಾಕ್ ಎಂಬ ಹೊಂಬಣ್ಣದ ಚುಕ್ಕಿಯಿಂದ
ಎರಡು ಬೆರಳಗಲ ಪೂರ್ವಕ್ಕೆ,
ಅಂಚು ನಮ್ಮ ಕಡೆ ತಿರುಗಿಸಿಕೊಂಡ ಗೆಲಾಕ್ಸಿ.
ನಾಲ್ಕು ಚಳಿಗಾಲ. ನೋಟ್‌ಬುಕ್ಕಿನಲ್ಲಿ ಹದಿನೇಳು ಸಲ:
ಕಂಡುಬಂದಿಲ್ಲ.

ನೇರ ನೋಡಿದರೆ ಸಿಗದು. ಪಕ್ಕದ ಕತ್ತಲನ್ನು ನೋಡುತ್ತಿರಬೇಕು,
ಅದು ತಾನಾಗಿ ಕಣ್ಣಂಚಿಗೆ ಬರಬೇಕು.
‘ಓರೆಗಣ್ಣು ಹಾಕಬೇಡ’ ಎಂದು ಯಾರದೋ ಮದುವೆಮನೆಯಲ್ಲಿ
ಅಮ್ಮ ತಲೆಗೆ ಮೊಟಕಿದ್ದಳು, ನನಗಾಗ ಹದಿನಾರು.
ಅಭ್ಯಾಸ ಬಿಟ್ಟದ್ದು ತಪ್ಪಾಯಿತು.
ಇನ್ನೂ ಒಂದು ಉಪಾಯ: ಕೊಳವೆಯನ್ನು ಮೆಲ್ಲಗೆ ತಟ್ಟುವುದು.
ಅಲುಗಿದ್ದು ಕಾಣುತ್ತದೆ, ನಿಂತದ್ದು ಕಾಣದು.

ಅಮಾವಾಸ್ಯೆಯ ಹಿಂದಿನ ದಿನ, ಎಂಟೂವರೆ.
ಫೋನು ಕೆಂಪಾಗಿ ಮಿನುಗಿತು:
ಮಾಲ್ದಾರೆ ಕಡೆಯಿಂದ ಒಂಟಿಸಲಗ, ಕೆರೆ ದಾಟಿದೆ,
ಯಾರೂ ಹೊರಗೆ ಬರಬೇಡಿ.
ನಾನು ಹೊರಗೇ ಇದ್ದೆ.

ಬೈನೆಮರ ಲಟಲಟ ಮುರಿಯಿತು, ತಂತಿಯ ಮೇಲೆ ಬಿತ್ತು.
ನೀಲಿ ಕಿಡಿಗೆ ಕಣ್ಣು ಮುಚ್ಚಿದೆ.
ತೆರೆದಾಗ ಮುದ್ದಯ್ಯನವರ ಬೆಳಗು ಇರಲಿಲ್ಲ,
ಸಿದ್ದಾಪುರದ ದಿಕ್ಕಿನ ಮಬ್ಬೂ ಇರಲಿಲ್ಲ.

ಮನೆಗೆ ಎಂಬತ್ತು ಹೆಜ್ಜೆ.
ಅಲುಗಿದ್ದು ಕಾಣುತ್ತದೆ, ನಿಂತದ್ದು ಕಾಣದು.
ನಿಂತೆ.
ಟಾರ್ಚು ಹಚ್ಚಲಿಲ್ಲ. ಉಸಿರನ್ನು
ಚಿಲ್ಲರೆ ಚಿಲ್ಲರೆಯಾಗಿ ಖರ್ಚು ಮಾಡಿದೆ.
ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ಕಣ್ಣುಗಾಜಿಗೆ ಕೊಟ್ಟೆ.
ಭೂಮಿ ತಿರುಗುತ್ತಿತ್ತು, ಚುಕ್ಕಿಗಳು ಜಾರುತ್ತಿದ್ದವು,
ಒಂದೇ ಬೆರಳಿನಿಂದ, ಗಂಟೆಮುಳ್ಳಿನಷ್ಟು ನಿಧಾನ,
ಕೊಳವೆಯನ್ನು ಅವುಗಳ ಹಿಂದೆ ಕಳಿಸುತ್ತಿದ್ದೆ.

ಹಲಸಿನ ಕಡೆ ಹೊಟ್ಟೆಯೊಂದು ಗುಡುಗುಡು ಅಂದಿತು.
ಅತ್ತ ನೇರ ನೋಡಿದೆ: ಮರಗಳು.
ಓರೆಯಾಗಿ ನೋಡಿದೆ:
ಮರ ಒಂದು ಜಾಸ್ತಿ ಇತ್ತು.

ಮತ್ತೆ ಕಣ್ಣುಗಾಜಿಗೆ ಬಗ್ಗಿದೆ. ಅದೂ ಇತ್ತು.
ಬೆಳಕು ಎನ್ನಲಾರೆ.
ಗಾಜಿನ ಮೇಲೆ ಬಿಟ್ಟ ಉಸಿರು ಆರುವ ಮೊದಲು
ಕೊನೆಗೆ ಉಳಿಯುತ್ತದಲ್ಲ, ಅಷ್ಟು. ಉದ್ದಕ್ಕೆ, ತೆಳ್ಳಗೆ.
ಮೂರು ಕೋಟಿ ವರ್ಷ ನಡೆದು ಬಂದದ್ದು,
ನನ್ನ ಹದಿನೇಳು ‘ಕಂಡುಬಂದಿಲ್ಲ’ಗಳ ಮೇಲೂ
ಸುಮ್ಮನೆ ಬೀಳುತ್ತಲೇ ಇದ್ದದ್ದು.
ನಡುವೆ ಕಪ್ಪು ಸೀಳು, ಕಾಫಿಬೀಜದ ಹೊಟ್ಟೆಯಲ್ಲಿರುವಂಥದ್ದು.
ಕಂಡೆನೋ, ಇರಬೇಕೆಂದು ಓದಿದ್ದಕ್ಕೆ ಕಂಡಿತೋ?
ಲ್ಯಾಬಿನಲ್ಲಿ ಇಂಥದ್ದಕ್ಕೆ ಇನ್ನೊಂದು ಗಾಜು ಹಚ್ಚುತ್ತಿದ್ದೆವು.

ಒಂಬತ್ತೂಕಾಲಕ್ಕೆ ಮರಗಳ ಲೆಕ್ಕ ಸರಿಯಾಯಿತು.
ಒಂದು ತರಗೆಲೆಯೂ ಸದ್ದು ಮಾಡಲಿಲ್ಲ.
ಕೆಂಪು ಬೆಳಕು, ನಡುಗುವ ಪೆನ್ನು:
೮೯೧. ಕಂಡಿತು. ಓರೆನೋಟಕ್ಕೆ ಮಾತ್ರ. ನಡುಗೆರೆ ಅನುಮಾನ.
ಆನೆ, ಒಂದು. ಅದೂ ಓರೆನೋಟಕ್ಕೆ.

ಲೈನ್‌ಮನ್ ಬರಲು ಇನ್ನೂ ಎರಡು ದಿನವಂತೆ,
ಬೆಳಿಗ್ಗೆ ಮುದ್ದಯ್ಯನವರು ಬೇಲಿಯಾಚೆಯಿಂದ ಗೊಣಗಿದರು.
ಅಯ್ಯೋ ಪಾಪ ಎಂದೆ.
ಒಳಗೆ ಹೋಗಿ ಕಣ್ಣುಗಾಜು ಒರೆಸಿಟ್ಟೆ.