ಕಾಫಿ ಕಣದಲ್ಲಿ ಮೂರು ಹೆಜ್ಜೆ

ಮದುವೆಗೆ ಹದಿನೆಂಟು ದಿನ.
ವಿರಾಜಪೇಟೆಯ ಇಗರ್ಜಿ ಹಾಲಿನಲ್ಲಿ
ಮನೆಯವರು ಜೋಡಿಯಾಗಿ ವಾಲ್ಟ್ಸ್ ಕುಣಿಯಬೇಕಂತೆ.
ನನ್ನವರ ಮಂಡಿಯೊಳಗೆ ಸ್ಟೀಲು,
ಎಮಿಲ್ಡಾಳ ಗಂಡ ಗೋಡೆಯ ಮೇಲಿನ ಫೋಟೋ.
ಉಳಿದವರು ನಾವಿಬ್ಬರು:
ಒಂದೇ ಮನೆಗೆ ಬಂದ ಸೊಸೆಯರು,
ಗ್ರೈಂಡರ್ ಯಾರದೆಂಬ ಮಾತಿಗೆ
ಆರು ವರ್ಷ ಮಾತು ಬಿಟ್ಟವರು,
ಉಪ್ಪು ಎಲ್ಲಿ ಎಂದು ಗೋಡೆಯನ್ನು ಕೇಳಿದವರು.
ಮದುಮಗ ಅವಳ ಮಗ, ನನ್ನ ಕೈತುತ್ತು ತಿಂದವನು.
ಇಬ್ಬರೂ ಕುಣಿಯಬೇಕು, ಎಂದುಬಿಟ್ಟ.

ಗಿಲ್ಬರ್ಟ್ ಮಾಸ್ತರರು, ಒಂದು ಕಾಲದ ಬ್ಯಾಂಡಿನ ತುತ್ತೂರಿ,
ನಮ್ಮನ್ನು ಕಣಕ್ಕೆ ಇಳಿಸಿದರು.
ಕಾಫಿ ಗುಡ್ಡೆಗೆ ಟಾರ್ಪಾಲು ಹೊದೆಸಿ ಆಗಿತ್ತು,
ಸಿಮೆಂಟಿನಲ್ಲಿ ಇನ್ನೂ ಬಿಸಿಲಿನ ಬಿಸುಪು.
"ಹಗಲೆಲ್ಲ ಕಾಲೆಳೆದು ಕಾಫಿ ಸಾಲು ತಿರುವುತ್ತೀರಲ್ಲ,
ಅದೇ ಹೆಜ್ಜೆ. ಲೆಕ್ಕ ಮಾತ್ರ ಮೂರು."

ಲೆಕ್ಕ ಸುಲಭ. ಹಿಂದಕ್ಕೆ ಹೆಜ್ಜೆ ಇಡುವವರು ಯಾರು?
ಅವಳು ಹಿರಿಯಳು, ನಾನು ಎತ್ತರದವಳು.
ಮೊದಲ ದಿನ ಇಬ್ಬರೂ ಮುಂದೆ ಬಂದೆವು,
ಹಣೆಗೆ ಹಣೆ, ಎರಡು ಟಗರು.
ಮರುದಿನ ಇಬ್ಬರೂ ಹಿಂದೆ ಸರಿದೆವು,
ನಡುವೆ ಜೀಪು ಹೋಗುವಷ್ಟು ಸೌಜನ್ಯ.

ಮೂರನೆಯ ದಿನ ಮಾಸ್ತರರಿಗೆ ಹೇಳಿದೆ: ಹಿಂದೆ ನಾನೇ.
ಒದ್ದೆ ಬಟ್ಟೆಯ ಹಾಗೆ ಕೈ ಬಿಟ್ಟುಕೊಟ್ಟೆ,
ಮುಖದ ತುಂಬ ತ್ಯಾಗ.
ಅವರು ಮೊಣಕೈ ತಟ್ಟಿದರು:
"ಸತ್ತ ಕೈಗೆ ಸುದ್ದಿ ಮುಟ್ಟೋದಿಲ್ಲಮ್ಮಾ.
ಸ್ವಲ್ಪ ಎದುರು ನಿಲ್ಲು.
ಹಗ್ಗ ಬಿಗಿ ಇದ್ದರೆ ತಾನೆ ಬಟ್ಟೆ ಒಣಗೋದು?"

ಹಿಂದಕ್ಕೆ ನಡೆಯುವವಳಿಗೆ ದಾರಿ ಕಾಣದು.
ಹಿಂದಿರುವುದು ಮೆಣಸಿನ ಚಾಪೆಯೋ, ಕಣದ ಅಂಚೋ,
ಎಲ್ಲ ಅವಳ ಕಣ್ಣಿಗೆ ಬಿಟ್ಟದ್ದು.
ಆರು ವರ್ಷ ತೋರಿಸಿದ್ದ ಬೆನ್ನು;
ಅವಳ ಅಂಗೈ ಅಲ್ಲಿ ಬಂದು ಕೂತಾಗ
ಬೆನ್ನಿಗೂ ಕಿವಿ ಇದೆಯೆಂದು ಗೊತ್ತಾಯಿತು.

ಕಾಲು ತುಳಿದಳು. ನಾನೂ ತುಳಿದೆ, ಒಂದು ಹೆಚ್ಚೇ.
ನಿಂತು ಕ್ಷಮೆ ಕೇಳಿದರೆ ತಾಳ ತಪ್ಪುತ್ತದೆ;
ಮುಂದಿನ ಹೆಜ್ಜೆ ಹೊತ್ತಿಗೆ ಸರಿಯಾಗಿ ಬಿದ್ದರೆ
ಅದೇ ಕ್ಷಮೆ.
ಇದು ಮಾಸ್ತರರು ಹೇಳಿದ್ದಲ್ಲ.
ಕತ್ತಲಾಗಿ, ಮಂಜು ಇಳಿದು,
ಮೊಬೈಲಿನ ಹಾಡು ಮುಗಿದ ಮೇಲೂ
ನಿಲ್ಲಿಸಲು ಇಬ್ಬರಿಗೂ ತೋಚದೆ
ಸುತ್ತುತ್ತಿದ್ದಾಗ ಹೊಳೆದದ್ದು.
ಅವಳು ಮೆಲ್ಲಗೆ ಎಣಿಸುತ್ತಿದ್ದಳು.
ಆರು ವರ್ಷದಲ್ಲಿ ನನ್ನ ಕಡೆ ಬಂದ
ಮೊದಲ ಮಾತುಗಳು: ಒಂದು, ಎರಡು, ಮೂರು.

ಮದುವೆಯ ದಿನ ಹೇಗೆ ಕುಣಿದೆವೋ.
ವೀಡಿಯೋ ಇದೆ, ನೋಡಿಲ್ಲ.
ಮದುಮಗ ನಕ್ಕನಂತೆ. ಆಮೇಲೆ ಕಣ್ಣೊರೆಸಿಕೊಂಡನಂತೆ.

ಮರುದಿನ ಅಡುಗೆಮನೆ.
ಒಲೆಗೂ ಗ್ರೈಂಡರಿಗೂ ನಡುವೆ ಒಂದೂವರೆ ಅಡಿ.
ಕುದಿಯುವ ಹಂದಿ ಸಾರಿನ ಪಾತ್ರೆ ಹಿಡಿದು
ಎದುರಿಗೆ ಬಂದಳು.
ತಿರುಗಿ ನೋಡದೆ ಹಿಂದಕ್ಕೆ ಒಂದು,
ಪಕ್ಕಕ್ಕೆ ಎರಡು, ಕಾಲು ಕೂಡಿಸಿ ಮೂರು.
ಒಂದು ಹನಿ ಚೆಲ್ಲಲಿಲ್ಲ.

ಗ್ರೈಂಡರ್ ಯಾರದೆಂಬುದು
ಇನ್ನೂ ತೀರ್ಮಾನವಾಗಿಲ್ಲ.