ಹತ್ತರ ನೋಟು

ದಾವಣಗೆರೆ, ಮಂಡಕ್ಕಿ ಭಟ್ಟಿ, ಬೆಳಗಿನ ಐದು.
ಬಾಣಲೆಯ ಮರಳು ಈಗಷ್ಟೇ ಕಾದಿದೆ.
ಟೈಲ್ಸ್ ಕೂರಿಸುವ ಹುಡುಗ, ದಿಬಾಕರ ಸಾಹು,
ಒಂದು ಸೇರು ಅಳೆಸಿಕೊಂಡು ನೋಟು ಚಾಚಿದ,
ಕೊಡದೆ ತಿರುವಿ ಹಿಡಿದ:
"ಅಕ್ಕಾ, ಈ ಗಾಲಿ ನಮ್ಮೂರ ಹತ್ತಿರದ್ದು."

ಇಷ್ಟು ವರ್ಷ ಎಂಜಲು ಹಚ್ಚಿ ಎಣಿಸಿದ್ದೇನೆ,
ಗಾಲಿ ಅಂತ ಗೊತ್ತಿರಲಿಲ್ಲ.

ಸೂರ್ಯನ ತೇರಂತೆ, ಕಲ್ಲಿನದು.
ಏಳು ಕುದುರೆ ಹೂಡಿದೆ, ಒಂದು ಹೆಜ್ಜೆ ಹೊರಟಿಲ್ಲ.
ಗೋಪುರ ಎಂದೋ ಬಿತ್ತು.
ಉಳಿದ ಮಂಟಪವೂ ಬಿದ್ದೀತೆಂದು
ಬಾಗಿಲು ಕಟ್ಟಿ ಒಳಗೆ ಮರಳು ತುಂಬಿದರಂತೆ.

"ಮರಳೇ?" ಅಂದೆ.
ಕೈಯಲ್ಲಿ ಜರಡಿ.
"ಹ್ಞೂಂ. ನಮ್ಮಜ್ಜನೂ ಒಳಗೆ ನೋಡಿಲ್ಲ."

ಒಂದು ಹಿಡಿ ಅಕ್ಕಿ ಎಸೆದೆ,
ಚಟಪಟ ಅರಳಿತು.
ಬಿಸಿಬಿಸಿ ಬಾಯಿಗೆ ಹಾಕಿಕೊಂಡು
"ನಮ್ಮಲ್ಲಿ ಇದು ಮುಢಿ" ಅಂದ.

ಆ ನೋಟು ಗಲ್ಲಾಕ್ಕೆ ಹೋಗಲಿಲ್ಲ.
ಭಟ್ಟಿ ಗೋಡೆಗೆ ಸಿಕ್ಕಿಸಿದ್ದೇನೆ,
ಕಾವು ತಾಕುವಷ್ಟು ಹತ್ತಿರ.